ಪೂಜೆಗಿಟ್ಟ ಪಿಸ್ತೂಲು

ಬೋಗಾದಿ, ಮೈಸೂರು
ಭಾನುವಾರ, ೮ ಫೆಬ್ರವರಿ ೨೦೨೬

ಪ್ರೀತಿಯ ತಮ್ಮಾ ಅಮರ,

ಹೆಂಗಿದ್ದೀಯಪ್ಪಾ? ಕೆಮ್ಮು ನಿಂತಿತಾ? ಊಟಕ್ಕೆ ಕೂರ್ತೀಯಾ, ಇಲ್ಲಾ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡ್ತೀಯಾ? ಹೋದ ತಿಂಗಳು ಎರಡು ಸಲ ಜೈಲಿನ ಬಾಗಿಲಿಗೆ ಬಂದೆವು. ಎರಡು ಸಲವೂ "ಅವನು ಬರಲ್ಲ ಅಂತಾನೆ ಕಣಮ್ಮ" ಅಂತ ಒಳಗಿಂದ ಹೇಳಿ ಕಳಿಸಿದರು. ಮನೆ ಊಟ ಒಳಗೆ ಬಿಡಲ್ಲ ಅಂತ ಗೊತ್ತಿದ್ದೂ ಅಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿ ತಂದಿದ್ದಳು. ವಾಪಸ್ ತಂದು ತಾನೊಬ್ಬಳೇ ತಿಂದಳು, ನನಗೂ ಒಂದು ಚೂರು ಕೊಡಲಿಲ್ಲ. "ಎಂಗವ್ನೋ ಏನೋ, ಮೊಕನಾದ್ರೂ ತೋರ್ಸಬಾರ್ದಾ" ಅಂದಳು, ಅಷ್ಟೇ. ನಾವು ಚೆನ್ನಾಗಿದ್ದೀವಿ ಅಂತ ಬರೆಯೋದು ಪದ್ಧತಿ. ಬರೆದಿದ್ದೀನಿ ಅಂತ ತಿಳ್ಕೋ. ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಸಾಹೇಬರಿಗೂ ನಮಸ್ಕಾರ. ಪೂರ್ತಿ ಓದಿ ಸಾರ್, ಇದರಲ್ಲಿ ಬಚ್ಚಿಡೋದು ಏನೂ ಇಲ್ಲ. ಓದಿ ಆದ ಮೇಲೆ ನನ್ನ ತಮ್ಮನ ಕೈಗೆ ಕೊಡಿ.

ಅವರು ಕೊಟ್ಟ ಮಾತು ಯಾವುದು, ಇಲ್ಲ ಅಂದ ಮಾತು ಯಾವುದು, ಮೊದಲು ಅದನ್ನು ಹೇಳಿಬಿಡ್ತೀನಿ. ನಮ್ಮ ಸಂಘದ ಸಭೆ ಶುರುವಾಗೋದೇ ಹಿಂಗೆ, ಅಪ್ಪ ಹಾಕಿಕೊಟ್ಟ ದಾರಿ. ನೀನು ಕಾರು ಓಡಿಸುತ್ತಿದ್ದ ಮನೆಯ ಯಜಮಾನರು ಶಿವಪ್ರಕಾಶ್ ಕೊಟ್ಟ ಮಾತು: ದೀಪಾವಳಿಗೆ ಅಮರ ಮನೆಯಲ್ಲಿರ್ತಾನೆ ಅಂದರು. ದೊಡ್ಡ ವಕೀಲರನ್ನು ಇಡ್ತೀವಿ ಅಂದರು. ಅಮ್ಮನ ಹೆಸರಿಗೆ ತಮ್ಮ ಲೇಔಟಿನಲ್ಲಿ ಒಂದು ಸೈಟು ಅಂದರು. ಅವನು ತಪ್ಪು ಒಪ್ಪಿಕೊಂಡರೆ ಶಿಕ್ಷೆ ಕಡಿಮೆ, ಬಂದ ಮೇಲೆ ಮತ್ತೆ ಕೆಲಸಕ್ಕೆ ತಗೋತೀವಿ ಅಂದರು. ಇಲ್ಲ ಅಂದದ್ದು: ಪಿಸ್ತೂಲಿಗೆ ಪೂಜೆಯೇ ಮಾಡಲಿಲ್ಲ ಅಂದರು. ಅದು ಕಾರಿನ ಸೀಟಿನ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡೇ ಇತ್ತು ಅಂದರು. ಪೆಟ್ಟಿಗೆಯ ಕೀಲಿ ನೀನು ಕದ್ದೆ ಅಂದರು. ಗೆಳೆಯರ ಮುಂದೆ ಜಂಬ ತೋರಿಸೋಕೆ ನೀನೇ ತೆಗೆದು, ಮುಂದಿನ ಸೀಟಿನ ಮೇಲಿಟ್ಟು, ಮರೆತು ಮನೆಗೆ ಹೋದೆ ಅಂದರು. ಕೀಲಿ ಇವತ್ತಿಗೂ ಸಿಕ್ಕಿಲ್ಲ, ಅದಕ್ಕೇ ನೀನು ಕಳ್ಳ.

ಈಗ ಶುಕ್ರವಾರ ಕೋರ್ಟಿನಲ್ಲಿ ನಿನ್ನ ಮೇಲಿನ ಆರೋಪ ಓದಿ ಹೇಳಿ, ತಪ್ಪು ಒಪ್ಪಿಕೊಳ್ತೀಯಾ ಅಂತ ಕೇಳ್ತಾರೆ. ನೀನು ನಮ್ಮ ವಕೀಲರು ಚೆಲುವರಾಜು ಅವರಿಗೆ "ಒಪ್ಕೊಂಡ್ಬುಡ್ತೀನಿ ಸಾರ್, ನಂದೇ ತಪ್ಪು" ಅಂದೆಯಂತೆ. ಅವರು ಸಂಘದ ಹುಡುಗ, ಫೀಸಿಗೆ ಬಂದವರಲ್ಲ. ನೀನು ಹಂಗಂದ ದಿನ ನಮ್ಮನೆ ಜಗಲಿ ಮೇಲೆ ಕೂತು ಟೀ ಆರಿಸಿಬಿಟ್ಟರು. "ಕೀರ್ತಕ್ಕ, ಅವನು ಸೈಟಿಗೆ ಆಸೆಪಟ್ಟಿದ್ರೆ ನಾನು ಬೈದು ಬುದ್ಧಿ ಹೇಳ್ತಿದ್ದೆ. ಅವನು ನಿಜವಾಗ್ಲೂ ನಂಬ್ಕೊಂಡವ್ನೆ. ನಡೆದದ್ದನ್ನೆಲ್ಲ ಮೊದಲಿಂದ ಬರೀರಿ, ಅವನು ಅದನ್ನ ಇನ್ನೊಬ್ಬರ ಬಾಯಲ್ಲಿ ಕೇಳಬೇಕು" ಅಂದರು. ಅದಕ್ಕೇ ಬರೀತಿದ್ದೀನಿ. ನಿನಗೆ ಗೊತ್ತಿರೋದನ್ನೇ ಬರೀತೀನಿ, ಮಧ್ಯೆ ನಿಲ್ಲಿಸದೆ ಓದು.

ಕಾರು ಶಿವಪ್ರಕಾಶ್ ಅವರದು, ಪಿಸ್ತೂಲು ಅವರದು, ಲೈಸೆನ್ಸು ಅವರದು. ಲೇಔಟ್ ಮಾಡುವ ಮನುಷ್ಯ, ಊರ ತುಂಬಾ ಜಮೀನಿನ ತಕರಾರು, ಯಾರೋ ಬೆದರಿಸಿದರು ಅಂತ ತಗೊಂಡರು. ಸೊಂಟದಲ್ಲಿಟ್ಟರೆ ಕೂರೋಕಾಗಲ್ಲ, ಮನೆಯಲ್ಲಿಟ್ಟರೆ ಮಗು ಇದೆ. ಹಂಗಾಗಿ ಕಾರಿನಲ್ಲೇ, ತಾವು ಕೂರುವ ಸೀಟಿನ ಕೆಳಗೆ, ಪೆಟ್ಟಿಗೆ ಮಾಡಿಸಿ ಬೋಲ್ಟು ಹಾಕಿಸಿದರು. ನಾಲ್ಕು ಜನ ಹತ್ತಿ ಇಳಿಯುವ, ಮಗು ಸ್ಕೂಲಿಗೆ ಹೋಗುವ ಕಾರು. ಅದರ ಹೊಟ್ಟೆಯಲ್ಲಿ ತುಂಬಿದ ಪಿಸ್ತೂಲು. ಕೀಲಿ ಅವರ ಗೊಂಚಲಲ್ಲಿ. "ಅದನ್ನ ನೀನು ಮುಟ್ಟಂಗಿಲ್ಲ ಕಣೋ" ಅಂತ ಮೊದಲ ದಿನವೇ ನಿನಗೆ ಹೇಳಿದರು. ಸರಿ, ಅದು ಕಾನೂನು ಅಂದುಕೊಳ್ಳೋಣ. ಪೆಟ್ಟಿಗೆ ಮೇಲಿನ ಧೂಳನ್ನೂ ನೀನು ಒರೆಸಬಾರದು, ಒಳಗಿಂದ ಅಡುಗೆಯ ಬಸಮ್ಮನೇ ಬಂದು ಒರೆಸಬೇಕು ಅಂದರಲ್ಲ, ಅದು ಯಾವ ಕಾನೂನು? ನಾನು ಕೇಳಿದ್ದಕ್ಕೆ ನೀನು "ಬುಡಕ್ಕ, ಎಲ್ಲದ್ರಲ್ಲೂ ನಿಂಗೆ ಅದೇ ಕಾಣ್ಸೋದು" ಅಂದೆ. ಹೌದು ಕಣೋ, ಕಾಣುತ್ತೆ. ಎದುರಿಗೇ ಇರೋದು ಕಾಣದೆ ಇನ್ನೇನು.

ಆಯುಧಪೂಜೆ ದಿನ ನೀನು ಕಾರು ತೊಳೆದೆ. ಬಂಪರಿಗೆ ಬಾಳೆಕಂದು ಕಟ್ಟಿದೆ, ಚೆಂಡುಹೂವಿನ ಹಾರ ಹಾಕಿದೆ, ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟೆ. ಬುದ್ಧನ ಮುಂದೆ ಮೇಣದಬತ್ತಿ ಹಚ್ಚುವ ಮನೆಯಿಂದ ಹೋಗಿ ಸ್ಟೇರಿಂಗಿಗೆ ಕುಂಕುಮ ಇಟ್ಟೆ ಅಂತ ಅಮ್ಮ ಛೇಡಿಸಿದಾಗ "ಕಾರು ಯಾವ ಧರ್ಮವ್ವ" ಅಂತ ನಕ್ಕೆ. ಆವತ್ತು ಅವರ ತಾಯಿ ಪದ್ಮಾವತಮ್ಮ ಆರತಿ ತಟ್ಟೆ ಹಿಡಿದು ಹೊರಗೆ ಬಂದು, "ಆಯುಧಪೂಜೆ ಅಂದ್ಮೇಲೆ ಆಯುಧ ಎಲ್ಲಪ್ಪ? ಅದನ್ನೂ ತೆಗಿ" ಅಂದರು. ಶಿವಪ್ರಕಾಶ್ ಪೆಟ್ಟಿಗೆ ತೆಗೆದು, ಮುಂದಿನ ಸೀಟಿನ ಮೇಲೆ ಬಾಳೆಎಲೆ ಹಾಸಿ, ಪಿಸ್ತೂಲನ್ನು ಅದರ ಮೇಲಿಟ್ಟರು. ಕುಂಕುಮ, ಹೂವು, ಪಕ್ಕದಲ್ಲಿ ಕಡ್ಲೆಪುರಿ, ಕಲ್ಲುಸಕ್ಕರೆ. ನಿನಗೆ ಕೊಟ್ಟದ್ದು ಗೇಟಿನ ಹತ್ತಿರ ಬೂದುಗುಂಬಳ ಒಡೆಯುವ ಕೆಲಸ. "ನೀನು ಅಲ್ಲಿಂದ್ಲೇ ಕೈ ಮುಗಿ ಕಣಪ್ಪ" ಅಂದರು ಅಜ್ಜಿ. ನೀನು ಅಲ್ಲಿಂದಲೇ ಮುಗಿದೆ.

ಆಮೇಲೆ ನೀನು ಆಡಿದ ಮಾತುಗಳನ್ನು ನೀನೇ ಮರೆತಿದ್ದೀಯ. ಆ ಸಂಜೆ ಕಡ್ಲೆಪುರಿ ಪೊಟ್ಟಣ ತಂದು ನಮ್ಮ ಜಗಲಿ ಮೇಲೆ ಕೂತು ನಮಗೆ ಹೇಳಿದವನು ನೀನೇ. "ಸಾರ್, ಗುಂಡು ತೆಗೆದಿಡಿ" ಅಂದೆ. "ಹಬ್ಬದ ದಿನ ಏನನ್ನೂ ಖಾಲಿ ಮಾಡಬಾರ್ದು ಕಣೋ" ಅಂದರು ಶಿವಪ್ರಕಾಶ್. "ಹಂಗಾದ್ರೆ ವಾಪಸ್ ಪೆಟ್ಟಿಗೆಗೆ ಹಾಕಿ ಸಾರ್" ಅಂದೆ. "ಪೂಜೆಗಿಟ್ಟಿದ್ದನ್ನ ನಾಳೆ ಮರುಪೂಜೆ ಆಗೋ ತನಕ ಎತ್ತಬಾರ್ದು" ಅಂದರು ಅಜ್ಜಿ. "ಕಾರಿಗಾದ್ರೂ ಬೀಗ ಹಾಕ್ತೀನಿ, ಕೀ ಕೊಡಿ" ಅಂದೆ. ಕೀ ಎಲ್ಲಿತ್ತು? ಕಾರಿನದು, ಪೆಟ್ಟಿಗೆಯದು, ಇಡೀ ಗೊಂಚಲು ದೇವರಮನೆಯಲ್ಲಿ, ತಟ್ಟೆಯಲ್ಲಿ, ಹೂವಿನ ಕೆಳಗೆ. ಕೀಲಿಯೂ ಆಯುಧವೇ ಅಲ್ಲವಾ, ಅದಕ್ಕೂ ಪೂಜೆ, ಅದನ್ನೂ ನಾಳೆಯೇ ಎತ್ತಬೇಕು. "ಕಾಂಪೌಂಡ್ ಒಳಗೆ ಯಾರು ಬರ್ತಾರೆ, ಹೋಗು ಹೋಗು, ಹಬ್ಬ ಮಾಡು" ಅಂತ ಕಳಿಸಿದರು. ಮೂರು ಸಲ ಹೇಳಿದವನು ನೀನು. ಮೂರು ಸಲವೂ ಇಲ್ಲ ಅಂದವರು ಅವರು. ಮತ್ತೆ ಈಗ ಒಪ್ಪಿಕೊಳ್ಳೋಕೆ ಹೊರಟವನು ನೀನು! ಪೂಜೆಯ ಹೊತ್ತಿಗೆ ಮುಟ್ಟಬಾರದಾಗಿದ್ದ ಕೈ ಕೇಸಿನ ಹೊತ್ತಿಗೆ ಮುಟ್ಟಿದ ಕೈ ಹೆಂಗಾಯ್ತು? ಯಾರಾದರೂ ಹೇಳಲಿ, ನಾನು ಕೇಳ್ತೀನಿ.

ಈಗ ಆ ಇನ್ನೊಂದು ಮಾತು. ಅದನ್ನು ಬರೆಯೋಕೆ ನನ್ನ ಕೈ ಬರ್ತಿಲ್ಲ ತಮ್ಮಾ, ಆದರೂ ಬರೀತೀನಿ, ಯಾಕಂದರೆ ನಿನ್ನನ್ನು ಒಳಗಿಂದ ತಿನ್ನುತ್ತಿರೋದು ಅದೇ ಅಂತ ನನಗೆ ಗೊತ್ತು. ನೀನು ಹೊರಡೋ ಹೊತ್ತಿಗೆ ಗಗನ ಓಡಿ ಬಂದಳು. ಅವರ ಮಗಳು, ಒಂದನೇ ಕ್ಲಾಸು, ನಿನ್ನ ಪಕ್ಕದ ಸೀಟಿಗೆ ಜಗಳ ಆಡೋಳು, ದಿನಾ ನಿನ್ನ ಬಾಯಲ್ಲಿ ಅವಳ ಕತೆ ಕೇಳಿ ಕೇಳಿ ಅಮ್ಮನಿಗೂ ನನಗೂ ನಮ್ಮನೆ ಮಗುವೇ ಆಗಿಹೋಗಿದ್ದವಳು. ಕಾರಿನ ಕಿಟಕಿಯಲ್ಲಿ ಇಣುಕಿ ನೋಡಿ "ಅಮರಣ್ಣ, ಗನ್ ಯಾಕೆ ಎಲೆ ಮೇಲೆ ಮಲ್ಕೊಂಡಿದೆ?" ಅಂದಳು. ಅವಳು ಅದನ್ನು ಮುಟ್ಟದಿರಲಿ ಅಂತ ನೀನು, "ಶ್! ನಿದ್ದೆ ಮಾಡ್ತಿದೆ ಪುಟ್ಟಿ, ಎಬ್ಬಿಸಬಾರ್ದು. ನಾಳೆ ಬೆಳಿಗ್ಗೆ ಅಜ್ಜಿ ಪೂಜೆ ಮಾಡಿ ಎಬ್ಬಿಸ್ತಾರೆ" ಅಂದೆ. ಅವಳು ಬಾಯಿ ಮೇಲೆ ಬೆರಳಿಟ್ಟುಕೊಂಡು ಹಿಂದೆ ಸರಿದಳು. ತಲೆಗೆ ಚುಚ್ಚುತ್ತೆ ಅಂತ ಚಿಟ್ಟೆ ಕ್ಲಿಪ್ಪು ಬಿಚ್ಚಿ "ಇಟ್ಕೋ, ನಾಳೆ ಕೊಡು" ಅಂತ ನಿನ್ನ ಜೇಬಿಗೆ ಹಾಕಿದಳು.

ಆ ನಾಳೆ ಅಂದರೆ ವಿಜಯದಶಮಿ. ಗಾಂಧಿ ಜಯಂತಿಯೂ ಆವತ್ತೇ. ನಿನ್ನನ್ನು ಮರುಪೂಜೆಯ ಹೂವಿಗೆ ಮಾರ್ಕೆಟ್ಟಿಗೆ ಕಳಿಸಿದ್ದರು. ಮನೆಯವರೆಲ್ಲ ಜಂಬೂಸವಾರಿಗೆ ಹೋಗೋಕೆ ರೆಡಿಯಾಗ್ತಿದ್ದರು. ಅಜ್ಜಿ ಸ್ನಾನಕ್ಕೆ ಹೋಗಿದ್ದರು. ಹೊಸ ಲಂಗ ಹಾಕ್ಕೊಂಡ ಮಗು ಕಾರಿನ ಬಾಗಿಲು ತೆಗೆಯೋದನ್ನು ಬಸಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದಳು. ಕಲ್ಲುಸಕ್ಕರೆಗೆ ಹೋಗ್ತಿದ್ದಾಳೆ ಅಂದುಕೊಂಡು ನಕ್ಕಳು. ಆಮೇಲೆ ಮಗುವಿನ ದನಿ ಕೇಳಿತು. ತೊಟ್ಟಿಲ ಕೂಸನ್ನು ತಟ್ಟೋ ಹಂಗೆ ತಟ್ಟುತ್ತಾ, "ಏಳು, ಬೆಳಗಾಯ್ತು, ಏಳು." ಬಸಮ್ಮ ಸೌಟು ಬಿಸಾಕಿ ಓಡಿದಳು. ಬಾಗಿಲು ದಾಟೋಕೂ ಆಗಲಿಲ್ಲ. ಬೀದಿಯವರು ಪಟಾಕಿ ಅಂದುಕೊಂಡರು.

ಆವತ್ತು ಸಂಜೆ ಅರಮನೆ ಕಡೆಯಿಂದ ಕುಶಾಲತೋಪು ಹಾರಿಸಿದಾಗ ನೀನು ಸ್ಟೇಷನ್ನಿನಲ್ಲಿದ್ದೆ, ನಾನು ಅಮ್ಮ ಹೊರಗೆ ಗೋಡೆಗೆ ಒರಗಿ ನಿಂತಿದ್ದೆವು. ಒಂದೊಂದು ಸದ್ದಿಗೂ ಒಳಗಿಂದ ನಿನ್ನ ಕೂಗು ಬರ್ತಿತ್ತು. ಅವರು ಹೊಡೀತಿದ್ದಾರೆ ಅಂದುಕೊಂಡಳು ಅಮ್ಮ. ಆಮೇಲೆ ಒಬ್ಬ ಪೇದೆ ಬಂದು, "ನಾವು ಮುಟ್ಟಿಲ್ಲ ಕಣ್ರೀ, ಆ ತೋಪಿನ ಸದ್ದು ನಿಲ್ಲಿಸಿ ಅಂತ ಕಿರುಚ್ತಾವ್ನೆ" ಅಂದ.

ಆ ಸದ್ದು ನಮ್ಮನೆಯಲ್ಲಿ ಇನ್ನೂ ನಿಂತಿಲ್ಲ. ಅಮ್ಮ ಕುಕ್ಕರ್ ಇಡೋದು ಬಿಟ್ಟಿದ್ದಾಳೆ, ವಿಷಲ್ಲಿಗೆ ಬೆಚ್ಚಿಬೀಳ್ತಾಳೆ. ಗೂಟಕ್ಕೆ ನೇತುಹಾಕಿದ್ದ ನಿನ್ನ ಅಂಗಿ ಒಗೆಯೋಕೆ ತೆಗೆದರೆ ಜೇಬಿನಲ್ಲಿ ಚಿಟ್ಟೆ ಕ್ಲಿಪ್ಪು. ಈಗ ಅದು ಬುದ್ಧನ ಫೋಟೋ ಮುಂದೆ ಇದೆ. ಅಮ್ಮ ಸಂಜೆ ಮೇಣದಬತ್ತಿ ಹಚ್ಚಿ ಅದಕ್ಕೇ ಏನೋ ಹೇಳ್ತಾಳೆ. ನಾನು ಕೇಳಿಸಿಕೊಳ್ಳದ ಹಂಗೆ ಪಾತ್ರೆ ತೊಳೀತೀನಿ. ನಾನು ಕಡಕೊಳದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ಬಸ್ಸು ಆ ಸ್ಟೇಷನ್ ಮುಂದೆಯೇ ಹೋಗುತ್ತೆ. ಪೊಲೀಸರು ಎಳೆದು ತಂದ ಆ ಕಾರು ಸ್ಟೇಷನ್ ಅಂಗಳದಲ್ಲೇ ನಿಂತಿದೆ. ಬಾಳೆಕಂದು ಒಣಗಿ ಬಂಪರಿಗೆ ಅಂಟಿಕೊಂಡಿದೆ, ಹಾರದಲ್ಲಿ ದಾರ ಮಾತ್ರ ಉಳಿದಿದೆ, ಯಾರೂ ಬಿಚ್ಚಿಲ್ಲ. ಒಂದು ದಿನ ಬಸ್ಸು ಅಲ್ಲೇ ನಿಂತಿತ್ತು. ಮುಂದಿನ ಸೀಟಿನಲ್ಲಿ ಯಾರೋ ಸಣ್ಣವರು ಕೂತು ಬಾಯಿ ಮೇಲೆ ಬೆರಳಿಟ್ಟುಕೊಂಡ ಹಂಗೆ ಕಂಡಿತು. ನಾನು ದೆವ್ವ ಭೂತ ನಂಬೋಳಲ್ಲ, ಊರೂರಲ್ಲಿ ಭಾಷಣ ಮಾಡಿ ಬಂದವಳು. ಕಣ್ಣುಜ್ಜಿ ನೋಡಿದೆ, ಸೀಟಿನ ಮೇಲೆ ಒಣಗಿದ ಬಾಳೆಎಲೆ ಮಡಚಿಕೊಂಡು ಎದ್ದು ನಿಂತಿತ್ತು. ಅದು ಎಲೆ ಅಂತ ಗೊತ್ತು. ಆದರೂ ಈಗ ಬಸ್ಸಿನಲ್ಲಿ ಆ ಕಡೆ ಕಿಟಕಿಗೆ ಕೂರಲ್ಲ.

ನೋಡೋ ಅಮರ, ನಿನ್ನ ದುಃಖ ಸುಳ್ಳು ಅಂತ ನಾನು ಹೇಳ್ತಿಲ್ಲ. ಅಳು, ಬೇಕಾದರೆ ಜೀವನಪೂರ್ತಿ ಅಳು, ನಾನೂ ಪಕ್ಕದಲ್ಲಿ ಕೂತು ಅಳ್ತೀನಿ. ಆದರೆ ಅಳುವವನೆಲ್ಲ ಅಪರಾಧಿ ಅಲ್ಲ. ಮುಟ್ಟಬೇಡ ಅಂತ ಮಗುವಿಗೆ ಮಗುವಿನ ಭಾಷೆಯಲ್ಲಿ ಹೇಳಿದವನು ಆ ಮನೆಯಲ್ಲಿ ನೀನೊಬ್ಬನೇ. ನಿನ್ನ ಮಾತು ಅವಳನ್ನು ಕೊಂದಿಲ್ಲ. ತುಂಬಿದ ಪಿಸ್ತೂಲು ಕೊಂದಿತು, ಬೀಗ ಇಲ್ಲದ ಬಾಗಿಲು ಕೊಂದಿತು, ಡ್ರೈವರ್ ಹೇಳಿದ್ದನ್ನು ಯಾಕೆ ಕೇಳಬೇಕು ಅನ್ನೋ ಗತ್ತು ಕೊಂದಿತು. ಶಿವಪ್ರಕಾಶ್ ಅವರನ್ನು ಒಂದು ಸಲ ಕೋರ್ಟಿನ ಹತ್ತಿರ ನೋಡಿದೆ. ಬೈಬೇಕು ಅಂತ ಹೋದವಳು ಬೈಯಲಿಲ್ಲ. ಅಂಗಿ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡು ನಿಂತಿದ್ದರು. ಆ ಮನುಷ್ಯನಿಗೆ ಇನ್ನೊಬ್ಬರ ಕೈ ಬೇಕಾಗಿದೆ, ತನ್ನ ಕೈ ನೋಡಿಕೊಳ್ಳೋಕೆ ಆಗ್ತಿಲ್ಲ. ಅರ್ಥ ಆಗುತ್ತೆ. ಅರ್ಥ ಆಯ್ತು ಅಂತ ನನ್ನ ತಮ್ಮನ ಕೈ ಕಡಿದುಕೊಡಲಾ? ಈ ದೇಶದಲ್ಲಿ ದುಃಖಕ್ಕೂ ಜಾತಿ ಇದೆ ಕಣೋ. ಅವರ ದುಃಖ ದೂರು ಆಗುತ್ತೆ, ನಮ್ಮ ದುಃಖ ತಪ್ಪೊಪ್ಪಿಗೆ ಆಗುತ್ತೆ.

ಬಸಮ್ಮ ಮೊನ್ನೆ ಬಂದಿದ್ದಳು, ಸೆರಗಲ್ಲಿ ಮುಖ ಮುಚ್ಚಿಕೊಂಡು. ಕೋರ್ಟಿಗೆ ಬಾ ಅಂದರೆ "ನಂಗೆ ಇಬ್ರು ಮೊಮ್ಮಕ್ಕಳವ್ರೆ ಕೀರ್ತಿ, ಕೆಲ್ಸದಿಂದ ತೆಗ್ದುಬುಡ್ತಾರೆ" ಅಂದಳು. ಅವಳನ್ನು ಹಳಿಯಲ್ಲ. ಆದರೆ ಒಂದು ವಿಷಯ ಹೇಳಿ ಹೋದಳು. ಸಾವಿನ ಸೂತಕ ಅಂತ ಆವತ್ತು ಮುಚ್ಚಿದ ದೇವರಮನೆ ಇವತ್ತಿಗೂ ತೆಗೆದಿಲ್ಲವಂತೆ. ಸೂತಕ ಕಳೆದ ಮೇಲೂ ಪದ್ಮಾವತಮ್ಮ ಯಾರನ್ನೂ ಒಳಗೆ ಬಿಡಲ್ಲ, ಹೊಸ್ತಿಲಿಗೆ ಅಡ್ಡ ಕೂತಿರ್ತಾರಂತೆ. ಕಸ ಗುಡಿಸೋಕೆ ಹೋದರೆ "ಬೇಡ ಬಸಮ್ಮ, ಏನೂ ಎತ್ತಬೇಡ. ಇನ್ನೂ ನಾಳೆ ಆಗಿಲ್ಲ" ಅಂತಾರಂತೆ. ಬಸಮ್ಮ ಬಾಗಿಲ ಸಂದಿಯಲ್ಲಿ ನೋಡಿದ್ದಾಳೆ. ತಟ್ಟೆ ಅಲ್ಲೇ ಇದೆ, ಕರಿಯಾದ ಹೂವಿನ ಕೆಳಗೆ ಗೊಂಚಲು ಅಲ್ಲೇ ಇದೆ. ನೀನು ಕದ್ದ ಕೀಲಿ, ಪೊಲೀಸರಿಗೆ ಸಿಗದ ಕೀಲಿ, ಇಟ್ಟ ಜಾಗದಲ್ಲೇ ಇದೆ ತಮ್ಮಾ! ಶಿವಪ್ರಕಾಶ್ ಗೊತ್ತಿದ್ದೂ ಸುಳ್ಳು ಹೇಳಿದರೋ, ಮಗಳು ಹೋದ ದುಃಖದಲ್ಲಿ ಅದನ್ನು ಮರೆತರೋ, ನನಗೆ ಗೊತ್ತಿಲ್ಲ. ಆ ಬಾಗಿಲು ತೆಗೆಸಬೇಕು. ಚೆಲುವರಾಜು ಕೋರ್ಟಿಗೆ ಅರ್ಜಿ ಹಾಕ್ತೀನಿ ಅಂದಿದ್ದಾರೆ. ಆದರೆ ಶುಕ್ರವಾರ ನೀನೇ ನಿನ್ನ ಬಾಯಿಂದ ಒಪ್ಪಿಕೊಂಡುಬಿಟ್ಟರೆ ಆ ಬಾಗಿಲನ್ನು ಯಾರು ತೆಗೆಸ್ತಾರೆ, ಯಾಕೆ ತೆಗೆಸ್ತಾರೆ?

ಅಷ್ಟೇ ಕಣಪ್ಪ. ಕಂಬಳಿ ಸರಿಯಾಗಿ ಹೊದ್ದುಕೋ, ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ಅಮ್ಮ ಪುಟ್ಟಲಿಂಗಮ್ಮ ನಿನ್ನ ತಲೆ ಸವರಿದ್ದಾಳೆ ಅಂತ ತಿಳ್ಕೋ. ಸಂಘದವರೆಲ್ಲ ಕೇಳಿದರು ಅಂತ ಹೇಳು ಅಂದಿದ್ದಾರೆ. ಅಪ್ಪ ಇದ್ದಿದ್ದರೆ ನಿನ್ನ ಬೆನ್ನಿಗೆ ಒಂದು ಗುದ್ದಿ "ಬಗ್ಗಬೇಡ್ಲಾ" ಅಂತಿದ್ದ. ಆ ಗುದ್ದೂ ಇದರ ಜೊತೆ ಕಳಿಸಿದ್ದೀನಿ.

ನಿನ್ನ ಅಕ್ಕ,
ಕೀರ್ತಿ

ಇನ್ನೊಂದು ಮಾತು, ಬೇಗ ಬೇಗ ಬರೀತಿದ್ದೀನಿ, ಅಕ್ಷರ ಕೆಟ್ಟಿದ್ದರೆ ಬೈಬೇಡ. ಮೇಲಿನದನ್ನು ಬರೆದು ಮಡಚಿ ಇಟ್ಟಿದ್ದೆ. ಆಟೋ ಬಂದು ನಮ್ಮ ಬೀದಿ ಬಾಯಲ್ಲಿ ನಿಂತಿತು. ಪದ್ಮಾವತಮ್ಮ! ಒಬ್ಬರೇ. ಚಪ್ಪಲಿ ಇಲ್ಲ. ಒಳಗೆ ಬಂದು ನೆಲದ ಮೇಲೆ ಅಮ್ಮನ ಪಕ್ಕ ಕೂತರು, ಕೊಟ್ಟ ನೀರು ಕುಡಿದರು. ಫೋಟೋ ಮುಂದಿನ ಚಿಟ್ಟೆ ಕ್ಲಿಪ್ಪನ್ನು ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿದರು. ಗೊಂಚಲು. ಕುಂಕುಮ ಇನ್ನೂ ಅಂಟಿಕೊಂಡಿದೆ. ನಾನು ಗಾಬರಿಯಾಗಿ ಚೆಲುವರಾಜುಗೆ ಫೋನು ಮಾಡಿದರೆ "ಅಯ್ಯೋ, ಅದನ್ನ ಅಲ್ಲಿಂದ ಎತ್ತಬಾರ್ದಿತ್ತಮ್ಮ, ಅಲ್ಲೇ ಇದ್ದಿದ್ರೆ ಸಾಕ್ಷಿ ಗಟ್ಟಿ ಆಗ್ತಿತ್ತು" ಅಂತ ಅವರು ಸ್ಪೀಕರಲ್ಲೇ ಕಿರುಚಿದರು. ಅಜ್ಜಿ ಫೋನಿನ ಕಡೆ ತಿರುಗಿ "ಎತ್ತಬಾರ್ದು ಅನ್ನೋ ಮಾತು ಇನ್ನು ನನ್ನ ಮುಂದೆ ಯಾರೂ ಆಡಬೇಡಿ" ಅಂದರು. ಶುಕ್ರವಾರ ತಾನೇ ಕೋರ್ಟಿಗೆ ಬಂದು, ಕೀಲಿ ಇಟ್ಟು, ಪೂಜೆ ಮಾಡಿಸಿದ್ದು ನಾನು, ರಾತ್ರಿಯೆಲ್ಲ ಅದನ್ನು ಅಲ್ಲೇ ಇರಿಸಿದ್ದು ನಾನು, ಆ ಹುಡುಗ ಬೇಡ ಬೇಡ ಅಂದ ಅಂತ ಹೇಳ್ತಾರಂತೆ. "ಶಿವಪ್ರಕಾಶ ನಾನು ಹೆತ್ತ ಮಗ ಕಣಮ್ಮ, ಈಗ ಅವನನ್ನೇ ಒಳಗೆ ಕಳಿಸ್ತಿದ್ದೀನೋ ಏನೋ" ಅಂತ ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ಬಿಡಿಸಿಕೊಳ್ಳಲಿಲ್ಲ. ಅದಕ್ಕೂ ಮುಂಚೆ ನಿನ್ನ ಮುಖ ನೋಡಬೇಕಂತೆ. ಮಗು ಕಾರಿನ ಹತ್ತಿರ ಏನಂದಳು ಅಂತ ಬಸಮ್ಮ ಅವರಿಗೆ ಹೇಳಿದ್ದಾಳೆ. ನಿನಗೆ ಒಂದು ಮಾತು ಹೇಳಬೇಕಂತೆ, ನಮ್ಮ ಕೈಲಿ ಹೇಳಿ ಕಳಿಸಲ್ಲವಂತೆ. ಈ ಕಾಗದ ನಾಳೆ ಬೆಳಿಗ್ಗೆ ಚೆಲುವರಾಜು ತರ್ತಾರೆ, ನಿನ್ನ ಭೇಟಿಗೆ ನಮ್ಮ ಮೂವರ ಹೆಸರೂ ಬರೆಸ್ತಾರೆ. ಬರಲ್ಲ ಅನ್ನಬೇಡ ಅಮರ. ಈ ಸಲ ಬರಲ್ಲ ಅನ್ನಬೇಡ. ಎದ್ದು ಕಂಬಿ ಹತ್ತಿರ ಬಾ. ಅಮ್ಮ, ನಾನು, ಗಗನಳ ಅಜ್ಜಿ. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ.